ಕುರಿಗೂ ರಸೀದಿ ಕೇಳಿದ ಅಧಿಕಾರಿಗಳಿಗೆ

ಅರ್ಧ ಪಾಲಿನ ಯೋಜನೆಯ ಮಾನ್ಯ ಅಧಿಕಾರಿಗಳೇ,

ನನ್ನ ದಾಳಿಂಬೆ ತೋಟಕ್ಕೆ ಬರಬೇಕಿದ್ದ ಸರ್ಕಾರದ ಪಾಲನ್ನು ತಾವು ತಡೆಹಿಡಿದಿದ್ದೀರಿ. ಕಾರಣ, ನನ್ನ ಹೊಲದಲ್ಲಿ ಕುರಿಗಳು ಸಿಕ್ಕಿಬಿದ್ದವು. ಒಪ್ಪಿದೆ ಸ್ವಾಮಿ, ಸಿಕ್ಕಿಬಿದ್ದವು. ಆದರೆ ಅವು ಕದ್ದು ಬಂದವಲ್ಲ, ನಾನೇ ಕರೆಸಿಕೊಂಡ ಅತಿಥಿಗಳು.

ಕಳೆದ ವರ್ಷ ಕೊಂಡ್ಲಹಳ್ಳಿಯ ಸಭೆಯಲ್ಲಿ ತಾವು, ಶೇಂಗಾ ಒಂದನ್ನೇ ನೆಚ್ಚಿಕೊಂಡು ಎಷ್ಟು ದಿನ ಕೂರುತ್ತೀರಿ, ಹಣ್ಣಿನ ಗಿಡ ಹಾಕಿ, ಖರ್ಚಿನಲ್ಲಿ ಅರ್ಧ ನಿಮ್ಮದು ಅರ್ಧ ನಮ್ಮದು ಎಂದಿರಿ. ಮೊದಲು ಚಪ್ಪಾಳೆ ತಟ್ಟಿದವನು ನಾನೇ. ನನ್ನ ಪಾಲಿನ ಗುಂಡಿ ತೋಡಿಸಿದೆ, ಮುಳ್ಳುತಂತಿ ಬೇಲಿ ಹಾಕಿಸಿದೆ. ಗೊಬ್ಬರವೂ ನನ್ನ ಪಾಲಿನದೇ ಆದ್ದರಿಂದ ಅಪ್ಪನ ಕಾಲದಿಂದ ನಡೆದು ಬಂದದ್ದನ್ನೇ ಮಾಡಿದೆ. ಪಕ್ಕದ ಹಟ್ಟಿಯ ಯರ್ರಪ್ಪನಿಗೆ ಹೇಳಿ ಕುರಿ ತರುಬಿಸಿದೆ. ತಮಗೆ ತಿಳಿಯದಿದ್ದರೆ ಹೇಳುತ್ತೇನೆ: ಅವನ ಮಂದೆ ರಾತ್ರಿ ನಮ್ಮ ಹೊಲದಲ್ಲಿ ಮಲಗುತ್ತದೆ, ನಾವು ಅವನಿಗೆ ಊಟ, ರಾಗಿ ಕೊಡುತ್ತೇವೆ, ಹೊಲಕ್ಕೆ ಗೊಬ್ಬರ ಉಳಿಯುತ್ತದೆ. ಮಂದೆ ಒಳಗೆ ಬರಲೆಂದು ಹೊಸ ಬೇಲಿಯ ಒಂದು ಬದಿಯ ತಂತಿ ಬಿಚ್ಚಿದೆ. ಮಾರನೆಯ ಬೆಳಿಗ್ಗೆಯೇ ತಮ್ಮ ತಪಾಸಣೆಯವರ ಜೀಪು ಬಂತು.

‘ಬೆಳೆ ಕುರಿಗಳ ಪಾಲಾಗಿದೆ’ ಎಂದು ಅವರು ಬರೆದುಕೊಂಡು ಹೋದರು. ಯಾವ ಬೆಳೆ ಸ್ವಾಮಿ? ತಮ್ಮ ಪಾಲಿನ ಸಸಿಗಳು ಇನ್ನೂ ತಮ್ಮ ನರ್ಸರಿಯಲ್ಲೇ ಇವೆಯಲ್ಲ? ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಕೇಳಿದ್ದೆ. ಗಿಡವೇ ಇಲ್ಲದ ತೋಟವನ್ನು ಕುರಿ ಮೇಯ್ದ ಸಂಗತಿಯನ್ನು ತಮ್ಮ ವರದಿಯಲ್ಲೇ ಮೊದಲು ಓದಿದೆ.

ಕಚೇರಿಗೆ ಓಡಿಬಂದೆ. ಗೊಬ್ಬರಕ್ಕಾಗಿ ಬಿಟ್ಟಿದ್ದಾದರೆ ಅದರ ರಸೀದಿ ತನ್ನಿ ಎಂದಿರಿ. ಯರ್ರಪ್ಪನನ್ನು ಕೇಳಿದೆ. ಅವನು ನಗಲೂ ಇಲ್ಲ.

“ಬೊಮ್ಮಲಿಂಗಣ್ಣ, ನನ್ ಕುರಿ ಹಿಕ್ಕೆ ಹಾಕ್ತವೆ, ರಸೀದಿ ಹಾಕಲ್ಲ” ಎಂದ.

ಈ ಉತ್ತರವನ್ನು ತಮಗೆ ತಲುಪಿಸಿದ ಮೇಲೆ ತಾವು ಒಂದು ಮುಚ್ಚಳಿಕೆ ಮುಂದಿಟ್ಟಿರಿ. ಇನ್ನು ಮುಂದೆ ನನ್ನ ಜಮೀನಿನ ಯಾವ ಮೂಲೆಗೂ, ಶೇಂಗಾ ಕಿತ್ತ ಖಾಲಿ ಹೊಲಕ್ಕೂ ಕುರಿ ಬಿಡುವುದಿಲ್ಲವೆಂದು ನಾನು ಬರೆದುಕೊಡಬೇಕು. ಇಲ್ಲದಿದ್ದರೆ ಸಸಿ ಬೇರೆಯವರಿಗೆ. ಸಸಿ ನೆಟ್ಟ ಕಡೆ ಕುರಿ ಬಿಡುವಷ್ಟು ದಡ್ಡ ನಾನಲ್ಲ. ಆದರೆ ಖಾಲಿ ಹೊಲವೂ ಬೇಡವೆಂದರೆ ಯರ್ರಪ್ಪನ ಮಂದೆ ಎಲ್ಲಿ ಮಲಗಬೇಕು? ತಮ್ಮ ಕಚೇರಿಯ ಜಗಲಿಯಲ್ಲೇ?

ಸಹಿ ಹಾಕದೆ ಮನೆಗೆ ಬಂದೆ. ಸುದ್ದಿ ಹೇಗೋ ಯರ್ರಪ್ಪನಿಗೆ ಮುಟ್ಟಿತು. ಅವನು ಮಂದೆ ಹೊಡೆದುಕೊಂಡು ರಾಯದುರ್ಗದ ಕಡೆ ಹೊರಟೇಬಿಟ್ಟ. ಹೋಗುವಾಗ ನನ್ನ ಹೆಂಡತಿ ಪಾಲಮ್ಮನಿಗೆ, “ಅಕ್ಕ, ನನ್ನಿಂದ ನಿಮ್ ತೋಟ ಕೆಡೋದು ಬ್ಯಾಡ. ಅಣ್ಣಂಗೆ ಸಹಿ ಹಾಕಕ್ಕೆ ಹೇಳ್ರಿ” ಎಂದನಂತೆ. ಆ ಮಾತು ಕೇಳಿದವನೇ ಈ ಕಾಗದ ಬರೆಯಲು ಕೂತೆ.

ಮಾನ್ಯರೇ, ಮಳೆ ಬಿದ್ದಿದೆ, ಗುಂಡಿಗಳು ಬಾಯಿ ಬಿಟ್ಟುಕೊಂಡು ಕೂತಿವೆ. ತರುಬಿದ ಕುರಿಯ ಗೊಬ್ಬರವನ್ನು ರೈತನ ಪಾಲೆಂದು ಒಪ್ಪಿ. ಮುಚ್ಚಳಿಕೆಯಿಂದ ಖಾಲಿ ಹೊಲದ ಮಾತು ತೆಗೆದುಹಾಕಿ. ಸಸಿ ಕೊಡಿ. ಯರ್ರಪ್ಪನನ್ನು ಕರೆತರಲು ರಾಯದುರ್ಗಕ್ಕೆ ನಾನೇ ಹೋಗುತ್ತೇನೆ, ಬಸ್ಸಿನ ಖರ್ಚಿನಲ್ಲಿ ಅರ್ಧ ಕೊಡಿ ಎಂದೂ ಕೇಳುವುದಿಲ್ಲ. ಅಲ್ಲಿ ನಿಂತು, ಬಾರಪ್ಪ, ನಿನಗೆ ಜಾಗ ಇದೆ ಎಂದು ಹೇಳುವ ಮುಖ ಮಾತ್ರ ನನಗೆ ಉಳಿಸಿಕೊಡಿ.

ಇಂತಿ,
ಭದ್ರವಾದ ಬೇಲಿಯೊಳಗಿನ ಬರೀ ಗುಂಡಿಗಳ ಮಾಲೀಕ,
ಬೊಮ್ಮಲಿಂಗಪ್ಪ
ಕೊಂಡ್ಲಹಳ್ಳಿ, ಜೂನ್ 2001