ಸರಿ ಸಾ

ಟಿ. ನರಸೀಪುರ
10-8-2025, ಭಾನುವಾರ

ಪ್ರೀತಿಯ ತಮ್ಮ ಸಿದ್ಧಾರ್ಥನಿಗೆ,

ನಿನ್ನ ಅಕ್ಕ ಕವನಳ ನೂರು ನೆನಪುಗಳು. ಹೇಗಿದ್ದೀಯೋ? ಗದಗಿನಲ್ಲೂ ಮಳೆ ಹಿಡಿದಿದೆಯಂತೆ. ಹಳಿಯ ಮೇಲೆ ಕೆಲಸ ಮಾಡುವಾಗ ತಲೆಗೆ ಏನಾದರೂ ಸುತ್ತಿಕೊಳ್ಳುತ್ತೀಯೋ, ಇಲ್ಲ ಮೊದಲಿನ ಹಾಗೇ ಬರಿ ತಲೆಯಲ್ಲಿ ತಿರುಗುತ್ತೀಯೋ? ಥಂಡಿ ಹೊಡೆದರೆ ನಿನ್ನ ಎಡಗಿವಿ ಸೋರಲು ಶುರುವಾಗುತ್ತದೆ. ಹತ್ತಿ ಇಟ್ಟುಕೋ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹೊಳೆ ಎರಡೂ ಕಡೆಯಿಂದ ತುಂಬಿ ಬಂದಿದೆ. ಮಧುಶ್ರೀ ಸೈಕಲ್ ಕಲಿತು ಎರಡೂ ಮೊಣಕಾಲು ತರಚಿಕೊಂಡಿದ್ದಾಳೆ, ಮಾವನಿಗೆ ಹೇಳಬೇಡ ಎಂದು ನನ್ನ ಕೈಲಿ ಆಣೆ ಹಾಕಿಸಿಕೊಂಡಿದ್ದಾಳೆ, ಹೇಳಿಬಿಟ್ಟೆ.

ಫೋನು ಇರುವಾಗ ಪತ್ರ ಯಾಕೆ ಎನ್ನಬೇಡ. ಕೇಸಿನ ಮಾತು ಬಂದ ಕೂಡಲೇ ನಿನಗೆ ಟವರ್ ಹೋಗುತ್ತದೆ. ಟವರ್ ಇದ್ದರೆ ಕಿವಿ ಕೇಳಿಸುವುದಿಲ್ಲ. ಪತ್ರಕ್ಕೆ ಎರಡೂ ಬೇಡ. ಹರಿದು ಹಾಕುವುದಿದ್ದರೂ ಪೂರ್ತಿ ಓದಿ ಹರಿದು ಹಾಕು.

ಹೋದ ಬುಧವಾರ ನಂಜನಗೂಡಿನ ಕೋರ್ಟಿನಲ್ಲಿ ಅಪ್ಪನ ಸಾಕ್ಷಿ ಆಯಿತು. ಅಪ್ಪ ನಾಲೆಯ ಕೆಲಸಕ್ಕೆ ರಜಾ ಹಾಕಿ, ಬಿಳಿ ಪಂಚೆ ಉಟ್ಟು ನಮ್ಮೂರು ಹೆಡತಲೆಯಿಂದ ಬೆಳಿಗ್ಗೆಯೇ ಬಂದಿದ್ದ. ನಾನು ಶಾಲೆಗೆ ರಜೆ ಹಾಕಿ ಇಲ್ಲಿಂದ ಹೋದೆ. ಆ ಇನ್ಸ್‌ಪೆಕ್ಟರ್ ನಾಗೇಂದ್ರ ಕೆಲಸದಲ್ಲಿದ್ದಷ್ಟು ದಿನ ಸರ್ಕಾರದ ಅನುಮತಿ ಬೇಕು ಎಂದು ಕೇಸು ಕೂತಲ್ಲೇ ಕೂತಿತ್ತಲ್ಲ. ಅವನು ರಿಟೈರ್ ಆದ ಮೇಲೂ ಲಾಯರ್ ಶಿವರಂಜನಿ ಮೇಡಂ ಬೆಂಗಳೂರಿನ ತನಕ ಓಡಾಡಿ ಅದನ್ನು ಎಬ್ಬಿಸಿದರು. ಕೆಲಸ ಬಿಟ್ಟ ಮಾತ್ರಕ್ಕೆ ಮಾಡಿದ್ದು ಬಿಟ್ಟುಹೋಗುತ್ತದೆಯೇ ಎಂದು ಅವರು ಕೇಳಿದಾಗ ನನಗೆ ಎಷ್ಟು ಧೈರ್ಯ ಬಂದಿತ್ತು ಗೊತ್ತಾ? ಇಷ್ಟು ವರ್ಷಕ್ಕೆ ಅವನು ಆರೋಪಿಯಾಗಿ ಬರುತ್ತಾನೆ, ಅಪ್ಪ ಅವನ ಎದುರು ನಿಂತು ಹೇಳುತ್ತಾನೆ ಎಂದುಕೊಂಡು ಕೋರ್ಟಿನ ಜಗಲಿಯ ಬೆಂಚಿನ ಮೇಲೆ ಕೂತಿದ್ದೆ.

ಅವನು ಬಂದ. ಯೂನಿಫಾರ್ಮ್ ಇಲ್ಲ, ಜುಬ್ಬಾ. ಹೊಟ್ಟೆ ಕರಗಿದೆ, ಕೂದಲಿಗೆ ಬಣ್ಣ ಹಚ್ಚಿದ್ದಾನೆ. ಯಾರೂ ಹೇಳಿಕೊಡದೆ ಅಪ್ಪ ಎದ್ದು ನಿಂತ ಕಣೋ. ಹೆಗಲ ಮೇಲಿದ್ದ ಟವೆಲ್ಲು ಕಂಕುಳಿಗೆ ಬಂತು, ಎರಡೂ ಕೈ ಸೇರಿದವು, ‘ನಮಸ್ಕಾರ ಸಾ’ ಎಂದ. ಅವನು ನಿಂತು, ಅಪ್ಪನ ಭುಜ ತಟ್ಟಿ, ‘ಚೆನ್ನಾಗಿದ್ದೀಯೇನಯ್ಯಾ ಚಿಕ್ಕಮಾದು’ ಎಂದು ಕೇಳಿದ. ‘ಚೆಂದಾಗಿವ್ನಿ ಸಾ.’ ಪಕ್ಕದಲ್ಲಿದ್ದ ಅವನ ಲಾಯರು ಇದನ್ನೆಲ್ಲ ನೋಡಿ ನಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ‘ಅವನು’ ಎಂದು ಬರೆಯುತ್ತಿದ್ದೇನೆ, ಅಪ್ಪ ಇದನ್ನು ನೋಡಿದರೆ ಈಗಲೂ ‘ಅವರು’ ಎಂದು ತಿದ್ದಿಸುತ್ತಾನೆ.

ಒಳಗೆ ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ನಮ್ಮ ಕಡೆಯವರು ಕೇಳಿದಾಗ ಅಪ್ಪ ತಡವರಿಸದೆ ಹೇಳಿದ. ಅಜ್ಜಿ ತೀರಿಕೊಂಡದ್ದು, ಸ್ಮಶಾನದ ದಾರಿಗೆ ಪಕ್ಕದ ಜಮೀನಿನವರು ಬೇಲಿ ಹಾಕಿದ್ದು, ಹೆಣ ಇಟ್ಟುಕೊಂಡು ಎಷ್ಟು ಹೊತ್ತು ಕಾಯುವುದೆಂದು ನೀನು ಬೇಲಿ ಕಿತ್ತದ್ದು, ಮಣ್ಣು ಮಾಡಿ ಕೈ ತೊಳೆಯುವ ಮೊದಲೇ ಜೀಪು ಬಂದು ನಿಮ್ಮಿಬ್ಬರನ್ನೂ ಎತ್ತಿಕೊಂಡು ಹೋದದ್ದು, ಠಾಣೆಯಲ್ಲಿ ನಿನ್ನ ಕಿವಿಯ ಮೇಲೆ ಬಿದ್ದ ಏಟು. ಆಮೇಲೆ ಅವನ ಲಾಯರು ಎದ್ದ. ಬೆಣ್ಣೆಯಂಥ ಮಾತು. ‘ಯಜಮಾನ್ರೇ, ಬೇಲಿ ಕಿತ್ತವರು ನೀವೇ ಎಂದರೆ ಸರಿಯೇ?’ ‘ಸರಿ ಸಾ.’ ‘ಗಲಾಟೆಯಲ್ಲಿ ನಿಮ್ಮ ಮಗ ಕಲ್ಲಿನ ಮೇಲೆ ಬಿದ್ದು ಕಿವಿಗೆ ಪೆಟ್ಟಾಯಿತು ಎಂದರೆ ಸರಿಯೇ?’ ‘ಸರಿ ಸಾ.’ ‘ನಾಗೇಂದ್ರ ಅವರು ನಿಮ್ಮ ಮಗನ ಮೇಲೆ ಕೈಯನ್ನೇ ಎತ್ತಲಿಲ್ಲ ಎಂದರೆ ಸರಿಯೇ?’ ‘ಸರಿ ಸಾ.’ ಟೈಪಿಸ್ಟ್ ಹುಡುಗಿ ಟಕಟಕ ಎಂದು ಒತ್ತುತ್ತಲೇ ಇದ್ದಳು. ಜಡ್ಜ್ ಮೇಡಂ ಒಂದು ಸಲ ತಡೆದು, ‘ಯೋಚನೆ ಮಾಡಿ ಹೇಳಿ’ ಎಂದರು. ಅವರಿಗೂ ‘ಸರಿ ಸಾ’ ಎಂದ.

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸರಿ ಎಂದರೆ ನಿಜ ಎಂದು ಬರೆದುಕೊಳ್ಳುತ್ತಾರೆ, ಅಲ್ಲ ಎನ್ನಬೇಕಾದರೆ ‘ಸರಿಯಲ್ಲ’ ಎನ್ನಬೇಕು ಎಂದು ಶಿವರಂಜನಿ ಮೇಡಂ ಹಿಂದಿನ ದಿನವೇ ಹೇಳಿಕೊಟ್ಟಿದ್ದರು. ಅದಕ್ಕೂ ಅಪ್ಪ ‘ಸರಿ’ ಎಂದೇ ತಲೆಯಾಡಿಸಿದ್ದ. ಹೊರಗೆ ಬಂದ ಮೇಲೆ ನಾನು ರೇಗಿದೆ, ಎಲ್ಲರ ಮುಂದೆಯೇ ರೇಗಿದೆ. ಅಪ್ಪ ಗಾಬರಿಯಿಂದ, ‘ನಾನೆಲ್ಲಿ ಒಪ್ಕಂಡವ್ವಾ? ಸರಿ ಸಾ ಅಂದ್ರೆ ನೀವು ಏಳಿದ್ದು ಕೇಳುಸ್ತು ಅಂತ ತಾನೆ?’ ಎಂದ. ಇಂಜಿನಿಯರು ಬಂದು ತೂಬು ಎತ್ತು ಎಂದರೂ ‘ಸರಿ ಸಾ’, ಇಳಿಸು ಎಂದರೂ ‘ಸರಿ ಸಾ’. ನೀರುಗಂಟಿ ಕೆಲಸದಲ್ಲಿ ತಲೆ ನರೆಸಿಕೊಂಡವನ ಬಾಯಲ್ಲಿ ಬೇರೆ ಏನು ಬರುತ್ತದೆ ಎಂದು ಆಮೇಲೆ ನನಗೇ ಪಾಪ ಎನಿಸಿತು.

ಆದರೆ ವಿಷಯ ಅಷ್ಟೇ ಅಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅಪ್ಪ ಕಪಿಲೆಯ ಕಡೆ ಮುಖ ಮಾಡಿ ನಿಂತುಬಿಟ್ಟ. ಠಾಣೆಯಲ್ಲಿ ನಡೆದದ್ದನ್ನು ಮೊದಲ ಸಲ ನನಗೆ ಪೂರ್ತಿ ಹೇಳಿದ. ಅವನು ನಿನಗೆ ಒಂದೊಂದು ಏಟು ಹಾಕಿದಾಗಲೂ ಅಪ್ಪನ ಕಡೆ ತಿರುಗಿ, ‘ಹೊಡೆದಿದ್ದು ಸರಿಯೇನೋ?’ ಎಂದು ಕೇಳುತ್ತಿದ್ದನಂತೆ. ‘ಸರಿ ಸಾ’ ಎನ್ನದಿದ್ದರೆ ಇನ್ನೆರಡು. ‘ಬೇಗ್ಬೇಗ ಅಂದ್ಬುಟ್ರೆ ಬೇಗ ಬುಡ್ತಾರೆ ಅಂದ್ಕಂಡೆ ಕಣವ್ವ. ಸಿದ್ದುನ್ ಆ ಕಿವಿಗೆ ಕಡೀಗೆ ಕೇಳ್ಸಿದ್ದು ನನ್ ಮಾತೇಯ. ಅದ್ಕೇ ನನ್ಮೇಲೆ ಮುನಿಸ್ಕಂಡವ್ನೆ’ ಎಂದು ಹೇಳಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಇದನ್ನು ನೀನು ನನಗೆ ಯಾಕೆ ಹೇಳಲಿಲ್ಲ ಸಿದ್ದು? ಅಮ್ಮನನ್ನು ವರ್ಷವರ್ಷ ಗದಗಿಗೆ ಕರೆಸಿಕೊಳ್ಳುತ್ತೀಯ, ಅಪ್ಪನನ್ನು ಒಂದು ಸಲವೂ ಕರೆಯಲಿಲ್ಲ. ಆ ಠಾಣೆಯ ರಸ್ತೆ ಕಂಡರೆ ಆಗುವುದಿಲ್ಲ, ಅದಕ್ಕೇ ಊರಿಗೆ ಬರುವುದಿಲ್ಲ ಎಂದು ನಾನು ನಂಬಿಕೊಂಡಿದ್ದೆ.

ನಿನ್ನೆ ಶಂಭುಲಿಂಗಪ್ಪನವರು ಇಲ್ಲಿಗೇ ಬಂದಿದ್ದರು. ಆ ಬೇಲಿಯ ಜಮೀನಿಗೂ ಅವರಿಗೂ ಸಂಬಂಧವಿಲ್ಲ, ಊರಿನ ದೊಡ್ಡವರು ಎಂದು ನಾಗೇಂದ್ರನೇ ಕಳಿಸಿದ್ದಾನೆ. ಕಾಫಿ ಕುಡಿದು, ‘ಪಾಪ, ಸಕ್ಕರೆ ಕಾಯ್ಲೆ ಬಂದು ಮೆತ್ತಗಾಗವ್ರೆ. ಅಧಿಕಾರನೂ ಓಯ್ತು. ಇನ್ಯಾಕೆ ಕಣವ್ವ, ರಾಜಿ ಆಗ್ಬುಡಿ’ ಎಂದರು. ಬಾಗಿಲ ಹತ್ತಿರ ಹೋಗಿ, ‘ಅವ್ರ ಜನ ಇನ್ನೂ ಎಲ್ಲಾ ಕಡೆ ಅವ್ರೆ, ನೋಡ್ಕಳಿ’ ಎಂದೂ ಸೇರಿಸಿದರು. ಅವರು ಹೋದ ಮೇಲೆ ಹಗಲಲ್ಲೇ ಬಾಗಿಲಿಗೆ ಚಿಲಕ ಹಾಕಿಕೊಂಡೆ, ಸುಳ್ಳು ಯಾಕೆ ಹೇಳಲಿ. ನಾಳೆಯಿಂದ ಮಧುಶ್ರೀಯನ್ನು ತಾನೇ ಶಾಲೆಗೆ ಬಿಟ್ಟು ಬರುವುದಾಗಿ ನಿನ್ನ ಭಾವ ಹೇಳಿದ್ದಾರೆ. ನೀನೂ ಹೋದ ಸಲ ಇದನ್ನೇ ಹೇಳಿದ್ದೆ, ಯೂನಿಫಾರ್ಮ್ ಬಿಚ್ಚಿದವನ ಜೊತೆ ಇನ್ನೇನು ಜಗಳ ಅಕ್ಕ ಎಂದು. ಅವನು ರಿಟೈರ್ ಆಗಿದ್ದಾನೆ ನಿಜ, ಅಪ್ಪನ ಹೆದರಿಕೆ ರಿಟೈರ್ ಆಗಿಲ್ಲವಲ್ಲ. ಅದನ್ನು ಜಗಲಿಯ ಮೇಲೆ ನನ್ನ ಕಣ್ಣಾರೆ ನೋಡಿದೆ. ಅಷ್ಟೂ ಜನರ ಮುಂದೆ ಆರೋಪಿಗೆ ಸಾಕ್ಷಿ ಎದ್ದು ಕೈಮುಗಿದ.

ಈಗ ಉಳಿದಿರುವುದು ನೀನೊಬ್ಬ. ಅಪ್ಪನ ಬಾಯಿಂದ ಬಂದದ್ದು ಕಾಗದದ ಮೇಲೆ ಕೂತಿದೆ. ಪೆಟ್ಟು ತಿಂದವನೇ ಬಂದು ಹೇಳದಿದ್ದರೆ ಈ ಕೇಸು ಇಲ್ಲಿಗೆ ಮುಗಿಯಿತು ಎಂದು ಶಿವರಂಜನಿ ಮೇಡಂ ನೇರವಾಗಿಯೇ ಹೇಳಿದ್ದಾರೆ. ಇದೇ 21ನೇ ತಾರೀಕು ಗುರುವಾರ ನಿನ್ನ ಸಾಕ್ಷಿ. ಬಾ ಎಂದು ಬಲವಂತ ಮಾಡಲು ನನಗೆ ಮನಸ್ಸು ಒಪ್ಪುತ್ತಿಲ್ಲ, ಬಾರದಿದ್ದರೆ ನಿನ್ನನ್ನು ಕ್ಷಮಿಸಲೂ ಆಗುವುದಿಲ್ಲ. ಎರಡೂ ನಿಜ.

ಅಮ್ಮ ಹುರಿಗಾಳು ಹುರಿದು ಕಟ್ಟಿಟ್ಟಿದ್ದಾಳೆ, ಕಳಿಸಬೇಕೋ ನೀನೇ ಬಂದು ತಿನ್ನುತ್ತೀಯೋ ಎಂದು ಕೇಳುತ್ತಿದ್ದಾಳೆ. ಭಾವನ ನೆನಪುಗಳು, ಮಧುಶ್ರೀಯ ಮುತ್ತುಗಳು. ನಿನಗೆ ಒಳ್ಳೆಯದಾಗಲಿ, ಬುದ್ಧ ನಿನ್ನ ಮನಸ್ಸನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಕವನ

ವಿ.ಸೂ.: ಪತ್ರ ಅಂಟಿಸಿ ಹೊರಟಿದ್ದೆ, ಅಪ್ಪನ ಫೋನ್ ಬಂತು, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾಲೆಯ ಏರಿ ಮೇಲೆ ಒಬ್ಬನೇ ನಿಂತು ‘ಸರಿಯಲ್ಲ’ ಎಂದು ಹೇಳಿ ಹೇಳಿ ನೋಡುತ್ತಿದ್ದಾನಂತೆ, ಬಾಯಿಗೆ ಇನ್ನೂ ಸರಿಯಾಗಿ ಬರುತ್ತಿಲ್ಲವಂತೆ. ನೀನು ಬಂದರೂ ಬಾರದಿದ್ದರೂ ಗುರುವಾರ ತಾನು ಆ ಬೆಂಚಿನ ಮೇಲೆ ಇರುತ್ತಾನಂತೆ. ನಿನಗೆ ಹೇಳು ಎಂದದ್ದು ಇಷ್ಟೇ: ‘ಅವ್ರು ಬಂದ್ರೆ ನಂಗೇ ಗೊತ್ತಿಲ್ದಂಗೆ ಕಾಲು ಎದ್ಬುಡ್ತವೆ. ಸಿದ್ದು ಪಕ್ದಲ್ಲಿ ಕೂತು ನನ್ ತೋಳು ಗಟ್ಟಿಯಾಗಿ ಇಡ್ಕಂಡಿರ್ಲಿ ಅನ್ನವ್ವ.’ ನಿನಗೆ ಕೇಳಿಸುವ ಕಿವಿಯ ಕಡೆಗೇ ಕೂರುತ್ತಾನಂತೆ.