ಮೌನಾರ್ಧದಲ್ಲಿ ಹಿಂದಕ್ಕೆ ಹೋದ ಚೆಂಡು

ಫೆಬ್ರವರಿ ೩೦, ೨೧೮೪
ಗೌತಮಪುರ ಮೇಲ್ಮೈದಾನ, ಬೆಂಗಳೂರು

ನಿಮ್ಮ ಕಾಲದಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿರುವ ಕೋಚ್ ಅವರಿಗೆ,

ಮೇಲಿನ ದಿನಾಂಕ ತಪ್ಪಲ್ಲ. ನಿಮ್ಮ ಕ್ಯಾಲೆಂಡರು ಇನ್ನೂ ಅಲ್ಲಿಗೆ ಬಂದಿಲ್ಲ, ಅಷ್ಟೇ. ನಮ್ಮ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಮೇಲ್ಮೈದಾನ ಎಂದರೆ ಆರನೇ ಮಹಡಿಯ ಮೇಲಿನ ಮೈದಾನ. ಕೆಳಗಿನ ಮಹಡಿಗಳಲ್ಲಿ ತರಕಾರಿ ಬೆಳೆಯುತ್ತಾರೆ. ಚೆಂಡು ಅಂಚು ದಾಟಿದರೆ ಯಾರದೋ ಬದನೆ ಗಿಡದ ಮೇಲೆ ಬೀಳುತ್ತದೆ, ಬೈಗುಳ ಲಿಫ್ಟಿನಲ್ಲಿ ಮೇಲೆ ಬರುತ್ತದೆ. ಕಿವಿಗುಂಡು ಎಂದರೆ ಆಟಗಾರರ ಕಿವಿಯಲ್ಲಿ ಕೂರುವ, ಕಡಲೆಕಾಳಿನಷ್ಟು ದೊಡ್ಡ ಯಂತ್ರ. ಅದರೊಳಗಿಂದ ಕೋಚ್ ಆಟದುದ್ದಕ್ಕೂ ಮಾತಾಡುತ್ತಲೇ ಇರುತ್ತಾನೆ.

ನನಗೆ ಹೇಳಿ ಮಾಡಿಸಿದ ಯಂತ್ರ. ಲಿಫ್ಟ್ ಮಾರುತ್ತಿದ್ದವನು, ಬರೀ ಬಾಯಿಯ ಬಲದಿಂದ ಕೋಚ್ ಆದವನು ನಾನು. ನಮ್ಮ ತಂಡದ ಜೆಸಿಂತಾ ಚಿಕ್ಕ ಹುಡುಗಿಯಾಗಿ ನನ್ನ ಬಳಿ ಬಂದಾಗ ಚೆಂಡನ್ನು ಎದುರಾಳಿಗೆ ಕೊಟ್ಟಂತೆ ಮಾಡಿ, ಎಳೆದುಕೊಂಡು, ನಗುತ್ತಾ ಓಡುತ್ತಿದ್ದಳು. ಅವಳ ಕಾಲಿನಲ್ಲಿ ಹತ್ತು ಆಟವಿತ್ತು. ಒಂಬತ್ತು ದುಂದು ಎಂದು ಕತ್ತರಿಸಿದೆ. ಉಳಿದ ಒಂದರಿಂದ ಗೆಲ್ಲುತ್ತಲೇ ಹೋದೆವು. ನಗು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ.

ಋತುವಿನ ಕೊನೆಯ ಪಂದ್ಯದ ದ್ವಿತೀಯಾರ್ಧದಲ್ಲಿ ಕಿವಿಗುಂಡು ತೆಗೆದಿಡಬೇಕು, ಬೆಂಚಿನಲ್ಲಿ ಯಾರೂ ತುಟಿಪಿಟಕ್ ಎನ್ನಬಾರದು. ಇದಕ್ಕೆ ಮೌನಾರ್ಧ ಎನ್ನುತ್ತೇವೆ. ನಿನ್ನೆ ಅದರಲ್ಲಿ ಜೆಸಿಂತಾಳಿಗೆ ಚೆಂಡು ಸಿಕ್ಕಾಗ ಗೋಲ್‌ಕೀಪರ್ ಜಾರಿ ಬಿದ್ದಿದ್ದಳು. ಎದುರಿಗೆ ಖಾಲಿ ಗೋಲು. ಇವಳು ನಿಂತು, ನನ್ನ ಕಡೆ ತಿರುಗಿ ನೋಡಿ, ಚೆಂಡನ್ನು ಹಿಂದಕ್ಕೆ ಕೊಟ್ಟಳು. ಜನ ಅದನ್ನು ನನ್ನದೇ ತಂತ್ರವೆಂದು ಚಪ್ಪಾಳೆ ತಟ್ಟಿದರು. ನಾನೂ ಕೈ ಎತ್ತಿ ಸ್ವೀಕರಿಸಿದೆ.

ಆಮೇಲೆ ಅವಳೇ ಬಂದು, "ಸರ್, ಬಿಸ್ಲಿಗೆ ನಿಮ್ ಮುಖ ಕಾಣ್ಲಿಲ್ಲ, ಅದಕ್ಕೇ ಹಿಂದಕ್ ಕೊಟ್ಬಿಟ್ಟೆ. ತಪ್ಪಾಯ್ತಾ?" ಅಂದಳು.

"ಇಲ್ಲಮ್ಮ" ಅಂದೆ.

ಕೋಲಾರದ ತಂಡದ ಕೋಚ್ ಸುಗುಣಮ್ಮ ಅವಳನ್ನು ತಮ್ಮ ತಂಡಕ್ಕೆ ಕಳಿಸಿ ಎಂದು ಕೇಳಿದ್ದಾರೆ. ಮಕ್ಕಳ ಕೈಗೆ ಚೆಂಡು ಕೊಟ್ಟು ಹುಣಸೆಹಣ್ಣು ಬಿಡಿಸುತ್ತಾ ಕೂರುವ ಹೆಂಗಸು. ಅವರ ಹುಡುಗಿಯರು ತುಂಬ ಸೋಲುತ್ತಾರೆ. ಆದರೆ ಬೆಂಚಿನ ಕಡೆ ತಿರುಗುವುದಿಲ್ಲ. ಜೆಸಿಂತಾಳನ್ನು ಕೇಳಿದರೆ, "ನೀವ್ ಹೋಗು ಅಂದ್ರೆ ಹೋಗ್ತೀನಿ ಸರ್, ಇರು ಅಂದ್ರೆ ಇರ್ತೀನಿ" ಎನ್ನುತ್ತಾಳೆ. ಹೋಗು ಎಂದರೂ ಅದು ನನ್ನದೇ ಅಪ್ಪಣೆ. ಇರು ಎಂದರೆ ಇನ್ನೊಂದು ಟ್ರೋಫಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಇರು ಎನ್ನಲು ನನ್ನ ನಾಲಿಗೆ ತುದಿಗಾಲಲ್ಲಿ ನಿಂತಿದೆ.

ನಿಮಗಿನ್ನೂ ಕಿವಿಗುಂಡು ಬಂದಿಲ್ಲ, ಗಂಟಲು ಮಾತ್ರ ಇದೆ. ಚೆಂಡು ಸಿಕ್ಕ ಮಗು ನಿಮ್ಮತ್ತ ತಿರುಗಿದರೆ ದಯವಿಟ್ಟು ಬಗ್ಗಿ ಬೂಟಿನ ಲೇಸ್ ಕಟ್ಟಿಕೊಳ್ಳಿ.

ನಾಳೆ ಬೆಳಿಗ್ಗೆ ಜೆಸಿಂತಾ ನನ್ನ ಉತ್ತರ ಕೇಳಲು ಬರುತ್ತಾಳೆ. ಕಾಫಿ ಕೊಟ್ಟು, ಎದುರಿಗೆ ಸುಮ್ಮನೆ ಕೂರಬೇಕೆಂದಿದ್ದೇನೆ, ಅವಳಾಗಿಯೇ ಒಂದು ಮಾತು ಹೇಳುವ ತನಕ. ನನ್ನಿಂದ ಆದೀತು ಎಂಬ ನಂಬಿಕೆ ನನಗೇ ಇಲ್ಲ.

ಇಂತಿ,
ಮುನಿರಾಜ ಸೆಬಾಸ್ಟಿಯನ್