ಆ ಪೆಟ್ಟಿಗೆಯ ಕೇಕನ್ನು ನೀವೂ ತಿಂದಿದ್ದೀರಿ

ನಮ್ಮ ಪುರಸಭೆಯ ಮೇಯರ್ ಅವರಿಗೆ, ಊರೆಲ್ಲ ಓದಲೆಂದೇ ಬರೆದ ಪತ್ರ

ಮಾನ್ಯರೇ,

ನನ್ನ ಗಂಡ ಪ್ರೆಬೆನ್ ಮತಗಳನ್ನು ಕದ್ದಿಲ್ಲ. ಇದು ನಿಮಗೆ ಚೆನ್ನಾಗಿ ಗೊತ್ತು. ಅವನು ಮತಗಟ್ಟೆಯ ಹಿಂಬಾಗಿಲಿನಿಂದ ಹೊತ್ತೊಯ್ದದ್ದನ್ನು ದೇಶವೆಲ್ಲ ಫೋನಿನಲ್ಲಿ ನೋಡಿತಲ್ಲ, ಆ ಪೆಟ್ಟಿಗೆಯಲ್ಲಿ ಬಂದ ಕೇಕನ್ನು ನೀವೇ ತಿಂದಿದ್ದೀರಿ. ಮತಗಟ್ಟೆಯಾಗಿದ್ದ ಶಾಲೆಯ ಅಡುಗೆಮನೆಯಲ್ಲಿ ನಿಂತು, ಕ್ರೀಮು ಕೋಟಿನ ಮೇಲೆ ಬೀಳದಂತೆ ಎಡಗೈ ಒಡ್ಡಿಕೊಂಡು ತಿಂದಿರಿ. ಇನ್ನೊಂದು ತುಂಡು ಕೇಳಿ ಪಡೆದಿರಿ. ಬಡಿಸಿದವಳು ನಾನು. ಹೀಗಿದ್ದೂ, "ಸಾರ್ವಜನಿಕ ವಿಶ್ವಾಸದ ಹಿತದೃಷ್ಟಿಯಿಂದ" ವರ್ಷಗಳಿಂದ ಮತ ಎಣಿಸುತ್ತ ಬಂದ ಪ್ರೆಬೆನ್ ಈ ಸಲದ ಚುನಾವಣೆಯಲ್ಲಿ ಎಣಿಕೆಗೆ ಬರುವುದು ಬೇಡವೆಂದು ನಿಮ್ಮ ಕಚೇರಿ ತಿಳಿಸಿದೆ. ಅದೇ ವಿಶ್ವಾಸದ ಹಿತದೃಷ್ಟಿಯಿಂದ, ಆ ವಿಡಿಯೊ ಮಾಡಿದ ರಾಜಕೀಯ ವಿಶ್ಲೇಷಕರನ್ನು ಗ್ರಂಥಾಲಯದ ನಿಮ್ಮ "ವಿಶ್ವಾಸ ಸಂವಾದ"ಕ್ಕೆ ಮುಖ್ಯ ಅತಿಥಿಯಾಗಿ ಕರೆದಿದ್ದೀರಿ. ನಿಮ್ಮ ಹಿತದೃಷ್ಟಿಗೆ ಕನ್ನಡಕ ಬೇಕೇನೋ ಎಂದು ನನಗೆ ಅನುಮಾನ.

ಪೆಟ್ಟಿಗೆಯ ಕಥೆ ಬೇರೆ ಊರಿನವರಿಗೆ ತಿಳಿದಿರಲಿಕ್ಕಿಲ್ಲ. ಹೊಸ ಮತಪೆಟ್ಟಿಗೆಗಳು ಬಂದ ವರ್ಷ, ಕಿರೀಟದ ಮುದ್ರೆಯ ಹಳೆಯ ಮರದ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಹೊರಟಿದ್ದರು. ಬಡಗಿಯಾದ ಪ್ರೆಬೆನ್‌ಗೆ ಒಳ್ಳೆಯ ಓಕ್ ಮರ ಹಾಳಾಗುವುದನ್ನು ನೋಡಲಾಗಲಿಲ್ಲ. ಮನೆಗೆ ತಂದ. ನನ್ನ ಕೇಕಿನ ತಟ್ಟೆ ಅದರೊಳಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಂದಿನಿಂದ ಪ್ರತಿ ಚುನಾವಣೆಗೂ ಮತಗಟ್ಟೆಯ ಕೆಲಸಗಾರರಿಗೆ ಕೇಕು ಅದರಲ್ಲೇ ಹೋಗಿದೆ, ಮೇಲೆ ನಮ್ಮ ದೇಶದ ಪುಟ್ಟ ಕಾಗದದ ಬಾವುಟಗಳನ್ನು ಚುಚ್ಚಿಕೊಂಡು. ಖಾಲಿಯಾದ ಮೇಲೆ ಪೆಟ್ಟಿಗೆ ಹಿಂಬಾಗಿಲಿನಿಂದ ಮನೆಗೆ ಬಂದಿದೆ. ಎಣಿಕೆ ನಡೆಯುವ ಕಟ್ಟಡದಿಂದ ಮತಪೆಟ್ಟಿಗೆಯನ್ನು ಹೊತ್ತುಕೊಂಡು ಹೊರಡಬಾರದು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಇಂಥ ದಡ್ಡತನ ಮಾಡಲು, ಯಾರೂ ಯಾರನ್ನೂ ಅನುಮಾನಿಸದ ಡೆನ್ಮಾರ್ಕಿನ ಇಂಥದೊಂದು ಊರಿನಲ್ಲೇ ಹುಟ್ಟಿರಬೇಕು. ಹೋದ ಸಲ ವಾಹನ ನಿಲ್ಲಿಸುವ ಜಾಗದಲ್ಲಿದ್ದ ಯಾರೋ ಅದನ್ನು ಚಿತ್ರೀಕರಿಸಿ ವಿಶ್ಲೇಷಕರಿಗೆ ಕಳಿಸಿದರು.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಪ್ರೆಬೆನ್ ಆ ವಿಶ್ಲೇಷಕರ ಪರಮ ಅಭಿಮಾನಿಯಾಗಿದ್ದ. ಊಟದ ಹೊತ್ತಿಗೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ರೈ ಬ್ರೆಡ್ ಮೇಲೆ ಹೆರಿಂಗ್ ಮೀನು ಇಟ್ಟುಕೊಂಡು ಕೇಳುತ್ತ ಕೂರುತ್ತಿದ್ದ. "ಇದ್ದದ್ದು ಇದ್ದ ಹಾಗೆ ಹೇಳೋನು ಇವನೊಬ್ನೇ ಕಣೇ," ಎನ್ನುತ್ತಿದ್ದ. ಆ ದಿನವೂ ಹಾಗೇ ಕೂತಿದ್ದ. ಇದ್ದಕ್ಕಿದ್ದಂತೆ ಮೇಜು ಗುದ್ದಿದ.

"ಬಾ ಇಲ್ಲಿ, ನೋಡು! ಹಿಂಬಾಗಿಲಿಂದ ಸಾಗಿಸ್ತಾ ಇದಾನೆ ಕಳ್ಳ! ಇಂಥೋರನ್ನ ಮೊದ್ಲು ಒಳಗೆ ಹಾಕ್ಬೇಕು!"

ನಾನು ಕೈ ಒರೆಸಿಕೊಂಡು ಬಂದು ನೋಡಿದೆ.

"ಪ್ರೆಬೆನ್, ಅದು ನಿನ್ನ ಹಸಿರು ಜಾಕೆಟ್ಟು," ಎಂದೆ.

"ಏನಂದೆ?"

"ಮೊಣಕೈ ತೇಪೆ ನಾನೇ ಹಾಕಿದ್ದು. ಅದು ನೀನೇ ಕಣೋ."

ಅವನು ಮತ್ತೆ ನೋಡಿದ. ಮತ್ತೆ ನೋಡಿದ. ಆಮೇಲೆ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು ಎದ್ದು ಹೋದ. ಆ ಬೆನ್ನು ತನ್ನದಾಗಿರದಿದ್ದರೆ ಅವನು ಇವತ್ತಿಗೂ ನಂಬಿಕೊಂಡೇ ಇರುತ್ತಿದ್ದ. ಅದಕ್ಕೇ ನನಗೆ ನಂಬಿದ ಜನರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲು ಆಗುತ್ತಿಲ್ಲ.

ವಿಶ್ಲೇಷಕರಿಗೆ ನಡೆದದ್ದನ್ನೆಲ್ಲ ಬರೆದೆ. ಬಹಳ ಸಭ್ಯವಾದ ಉತ್ತರ ಬಂತು: ತಾವು ಯಾರ ಮೇಲೂ ಆರೋಪ ಮಾಡಿಲ್ಲ, ಪ್ರಶ್ನೆ ಕೇಳಿದ್ದೇವೆ ಅಷ್ಟೆ. ಮರುದಿನ ಇನ್ನೊಂದು ವಿಡಿಯೊ ಬಂತು. "ಕೇಕಂತೆ, ಸ್ನೇಹಿತರೇ! ಮತಪೆಟ್ಟಿಗೇಲಿ ಕೇಕಂತೆ! ನಂಬ್ತೀರಾ ನೀವು?" ಪ್ರಶ್ನೆ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಮತ ಎಣಿಕೆಯೆಂದರೆ ಅನುಮಾನವೇ ಅಲ್ಲವೇ? ಒಂದು ಪಕ್ಷದವನು ಎಣಿಸಿದ್ದನ್ನು ಎದುರು ಪಕ್ಷದವನು ಮತ್ತೆ ಎಣಿಸುತ್ತಾನೆ. ತಾಳೆಯಾಗದಿದ್ದರೆ ಇಬ್ಬರೂ ಮೊದಲಿನಿಂದ ಶುರುಮಾಡುತ್ತಾರೆ. ತಾಳೆಯಾದರೆ ಕೋಟು ಹಾಕಿಕೊಂಡು ಮನೆಗೆ ಹೋಗುತ್ತಾರೆ. ಮನೆಗೆ ಹೋಗಲೊಪ್ಪದ ಅನುಮಾನಕ್ಕೆ ಏನು ಹೆಸರಿಡೋಣ? ಉತ್ತರ ಬಾಗಿಲಿಗೆ ಬಂದರೆ ಕದ ಹಾಕಿಕೊಳ್ಳುವವನನ್ನು ಪ್ರಶ್ನೆ ಕೇಳುವವನು ಎನ್ನಬಹುದೇ?

ನಿಮ್ಮ ಕಚೇರಿ ಮತಗಳನ್ನು ಮತ್ತೆ ಎಣಿಸಿತು. ಎಲ್ಲವೂ ಸರಿಯಿತ್ತು. ಆ ವಿಷಯ ನಿಮ್ಮ ಜಾಲತಾಣದಲ್ಲಿ, ಕಸ ಒಯ್ಯುವ ದಿನಗಳ ಸೂಚನೆಯ ಕೆಳಗೆ, ಇಂದಿಗೂ ಭದ್ರವಾಗಿದೆ. ಇತ್ತ ನಮ್ಮ ಮನೆಯ ಮುಂದೆ ಅಪರಿಚಿತ ಕಾರುಗಳು ನಿಧಾನವಾಗಿ ಹೋಗುತ್ತವೆ. ಟಪಾಲು ಡಬ್ಬಿಗೆ ಯಾರೋ ಕೊಳೆತ ಮೀನು ತುರುಕಿದ್ದರು. ಅದನ್ನು ತೊಳೆದೆ, ಸಹಿಸಿದೆ. ಸಹಿಸಲಾಗದ್ದು ಐವಿನ್ ಬಂದ ದಿನ. ಐವಿನ್ ಎದುರು ಪಕ್ಷದವನು. ಇಷ್ಟೂ ವರ್ಷ ಪ್ರೆಬೆನ್ ಎಣಿಸಿದ ಕಟ್ಟುಗಳನ್ನು ಮತ್ತೆ ಎಣಿಸಿದವನು ಅವನೇ. ಹೋದ ಚುನಾವಣೆಯ ಸಂಜೆ ಕೇಕಿನ ಅಂಚಿನ ತುಂಡು ತನಗೇ ಬೇಕೆಂದು ಹಟ ಮಾಡಿದವನೂ ಅವನೇ. ಬಾಗಿಲಲ್ಲೇ ನಿಂತು, ಟೋಪಿ ತಿರುವುತ್ತ ಕೇಳಿದ:

"ಬೇಜಾರ್ ಮಾಡ್ಕೋಬೇಡ ಪ್ರೆಬೆನ್. ಅದ್ರಲ್ಲಿ ಕೇಕ್ ಬಿಟ್ಟು ಬೇರೇನೂ ಇರ್ಲಿಲ್ಲ ಅಲ್ವಾ?"

"ನೀನೇ ತಿಂದ್ಯಲ್ಲೋ, ಐವಿನ್."

"ತಿಂದೆ ಕಣೋ. ಆದ್ರೆ ನೀನು ಹೊರಗೆ ಹೋದಾಗ ನಾನು ಒಳಗಿದ್ದೆ. ಜನ ಕೇಳ್ತಾರೆ, ನಾನೇನು ಹೇಳ್ಲಿ?"

ಪ್ರೆಬೆನ್ ಬಾಗಿಲು ಹಾಕಿದ. ಮಾರನೆಯ ದಿನ ಆ ಪೆಟ್ಟಿಗೆಯನ್ನು ಅಂಗಳದಲ್ಲಿ ತಾನೇ ಕೊಡಲಿಯಿಂದ ಸೀಳಿದ. ಅವನಿಗೆ ಅಳು ಬಂದದ್ದನ್ನು ನಾನು ಕಿಟಕಿಯಿಂದ ನೋಡಿದೆ. ವಿಷಯ ತಿಳಿದ ವಿಶ್ಲೇಷಕರು "ಸಾಕ್ಷ್ಯ ನಾಶ?" ಎಂದು ಮತ್ತೊಂದು ಪ್ರಶ್ನೆ ಕೇಳಿದರು.

ಆಗ ನಿಮಗೆ ಫೋನು ಮಾಡಿದೆ. ನೀವು ಹೇಳಿದ್ದು ಅಕ್ಷರಶಃ ನೆನಪಿದೆ: "ನೋಡಿ ಟೋವೆ, ನಾನೀಗ ಬಾಯಿ ಬಿಟ್ರೆ ಅವರಿಗೆ ಇನ್ನೊಂದು ವಿಡಿಯೊ ಸಿಗುತ್ತೆ. ಚುನಾವಣೆ ಬೇರೆ ಹತ್ರ ಬಂತು. ಸ್ವಲ್ಪ ದಿನ ತಡ್ಕೊಳ್ಳಿ, ತಣ್ಣಗಾಗುತ್ತೆ." ತಣ್ಣಗಾಗಿದೆ, ಮಾನ್ಯರೇ. ಪ್ರೆಬೆನ್ ತಣ್ಣಗಾಗಿದ್ದಾನೆ. ಅಂಗಡಿಗೆ ಹೋಗುವುದಿಲ್ಲ, ರೇಡಿಯೊ ಹಾಕುವುದಿಲ್ಲ. ಮೊನ್ನೆ, ಮತಗಟ್ಟೆಗೆ ಒಯ್ದು ತೋರಿಸಬೇಕಾದ ನಮ್ಮಿಬ್ಬರ ಮತದಾನದ ಚೀಟಿಗಳು ಟಪಾಲಿನಲ್ಲಿ ಬಂದವು. ತನ್ನದನ್ನು ಓದದೆ ಒಲೆಗೆ ಹಾಕಿದ. "ನೀನು ಹೋಗಿ ಬಾ," ಎಂದ. "ನಾನು ಹೋದ್ರೆ ಜನ ನನ್ನ ಕೈನೇ ನೋಡ್ತಾರೆ." ಮತ ಕದ್ದ ಪ್ರಕರಣ ನಮ್ಮೂರಿನಲ್ಲಿ ನಡೆದದ್ದು ನಿಜ. ಒಂದೇ ಒಂದು ಮತ, ಅದು ನನ್ನ ಗಂಡನದು.

ನನ್ನ ಬೇಡಿಕೆ ಚಿಕ್ಕದು. ಸಮಿತಿ ಬೇಡ, ಪರಿಹಾರ ಬೇಡ, ವಿಶ್ಲೇಷಕರ ಬಾಯಿ ಮುಚ್ಚಿಸುವುದೂ ಬೇಡ. ನಿಮ್ಮ ಸಂವಾದದ ವೇದಿಕೆಯಲ್ಲಿ, ಮುಖ್ಯ ಅತಿಥಿಗಳ ಪಕ್ಕದಲ್ಲೇ ನಿಂತು, ಮೈಕಿನಲ್ಲಿ ಹೇಳಿ: "ಆ ಪೆಟ್ಟಿಗೆಯಲ್ಲಿ ಬಂದದ್ದು ಕೇಕು. ಖಾಲಿಯಾದದ್ದನ್ನು ನಾನು ಕಂಡಿದ್ದೇನೆ, ಕೊನೆಯ ತುಂಡು ತಿಂದವರು ನಾವೇ." ಅವರು ಇನ್ನೊಂದು ವಿಡಿಯೊ ಮಾಡಿಕೊಳ್ಳಲಿ. ಈ ಸಲ ಅದರಲ್ಲಿ ನಿಮ್ಮ ಮುಖವೂ ಇರಲಿ. ಪ್ರೆಬೆನ್ ಬರುವುದಿಲ್ಲ. ನಾನು ಮುಂದಿನ ಸಾಲಿನಲ್ಲಿ ಕೂತಿರುತ್ತೇನೆ, ಬರಿಗೈಯಲ್ಲಿ.

ಇಂತಿ,
ಊರಿಗೆಲ್ಲ ಕೇಕು ಬಡಿಸಿಯೂ ಒಬ್ಬ ಸಾಕ್ಷಿಯನ್ನು ಗಳಿಸಲಾಗದವಳು,
ಟೋವೆ ಕ್ವಿಸ್ಟ್